ಬಿಳಿ ಹತ್ತುವ ಬಾಗಿಲು

“ಅಮ್ಮಾ, ದೋಣಿ ಹೊರಡುವ ಜಾಗಕ್ಕೆ ದಾರಿ ಇದೇನಾ?”

ಹೀಗೆ ಕೇಳುವ ಹೊತ್ತಿಗೆ ನಾನು ಅದೇ ಕಳ್ಳಿಪೊದೆಯನ್ನು ಸುತ್ತಿ ಸುತ್ತಿ ಅದರ ಮುಳ್ಳುಗಳಿಗೆಲ್ಲ ಪರಿಚಿತಳಾಗಿದ್ದೆ. ದಾರಿ ಕವಲಾಗುವಲ್ಲಿ ಒಂದು ಕೈಕಲ್ಲು ನೆಟ್ಟಿತ್ತು. ಅದರ ಮೇಲೆ ಕೆತ್ತಿದ ಕೈ ತೋರುಬೆರಳು ಚಾಚಿ, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ, ಕಳ್ಳಿಪೊದೆಯನ್ನೇ ತೋರಿಸುತ್ತಿತ್ತು. ಕಲ್ಲಿನ ಬುಡದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ನನ್ನ ಮಾತು ಕೇಳಿದ್ದೇ ಎದ್ದಳು, ಸೀರೆಯ ಧೂಳು ಕೊಡವಿದಳು, ಬಂದು ನನ್ನ ಬೆನ್ನ ಹಿಂದೆ ನಿಂತಳು.

“ನಡಿ ತಂಗೀ.”

“ಯಾವ ಕಡೆಗೆ?”

“ನೀನು ನಡೆದ ಕಡೆಗೆ. ನಾನು ಹಿಂದೆ ಇದ್ದೀನಿ.”

“ದಾರಿ ಗೊತ್ತಿಲ್ಲದವಳು ನಾನಮ್ಮಾ!”

“ಗೊತ್ತಿದ್ದರೆ ನಾನ್ಯಾಕೆ ಹಿಂದೆ ಬರಲಿ?”

ನಾನು ಬಹಳ ಊರುಗಳಲ್ಲಿ ದಾರಿ ಕೇಳಿದವಳು. ಮರಳುಗಾಡಿನವರು ಗದ್ದ ಎತ್ತಿ ತೋರಿಸುತ್ತಾರೆ. ಬೆಟ್ಟದವರು ‘ಇಲ್ಲೇ, ಹತ್ತಿರ’ ಎನ್ನುತ್ತಾರೆ, ಆಮೇಲೆ ಸಂಜೆಯಾಗುತ್ತದೆ. ದೊಡ್ಡ ಪಟ್ಟಣದವರು ಎಡ, ಬಲ, ಮತ್ತೆ ಎಡ ಎಂದು ಪೂರ್ತಿ ವಿವರಿಸಿ, ಕೊನೆಗೆ ತಾವೂ ಹೊಸಬರೇ ಎಂದು ಹೇಳಿ ಹೋಗಿಬಿಡುತ್ತಾರೆ. ಆದರೆ ದಾರಿ ಕೇಳಿದವರ ಹಿಂದೆ ಬರುವ ಜನವನ್ನು ನಾನು ಕಂಡಿರಲಿಲ್ಲ. ನಡೆದೆ. ಅವಳು ಹಿಂದೆ ಬಂದಳು. ನಿಂತೆ. ಅವಳೂ ನಿಂತಳು.

“ಬೆಳಿಗ್ಗೆ ಕಾಲಿಗೆ ಎಂಥ ಮಣ್ಣು ಹತ್ತಿತ್ತು?” ಎಂದು ಕೇಳಿದಳು.

“ಕೆಂಪು.”

“ಈಗ?”

ಬಗ್ಗಿ ನೋಡಿದೆ. ಬೆರಳ ಸಂದಿಯಲ್ಲಿ ಮರಳಿತ್ತು. ಮರಳು ಹೆಚ್ಚಾಗುವ ಕಡೆಗೆ ನಾನೇ ತಿರುಗಿದೆ.

ಆ ಸೀಮೆಯ ಕಟ್ಟಳೆ ಅದು, ನಡೆಯುತ್ತ ಅವಳೇ ಹೇಳಿದ್ದು. ದಾರಿ ಕೇಳಿದವರಿಗೆ ದಾರಿ ಹೇಳುವಂತಿಲ್ಲ. ಅವರ ಹಿಂದೆ ನಡೆಯಬೇಕು. ಮುಂದೆ ಹೋಗುವಂತಿಲ್ಲ, ಕೈ ಹಿಡಿದು ಎಳೆಯುವಂತಿಲ್ಲ. ಬೇಕಾದರೆ ಪ್ರಶ್ನೆ ಕೇಳಬಹುದು. ತಲುಪಿದವರು ಹಿಂದಕ್ಕೆ ತಿರುಗಿ ‘ಇನ್ನು ಬರಬೇಡ, ಇಲ್ಲಿಂದ ನಾನು ಬಲ್ಲೆ’ ಎಂದಾಗ ನಡಿಗೆ ಮುಗಿಯುತ್ತದೆ.

ಹೊಳೆ ಕಂಡಿತು, ದೋಣಿ ಕಂಡಿತು. ನಾನು ಅವಸರದಲ್ಲಿ ಆ ಮಾತು ಹೇಳಿ ಮುಗಿಸಿದೆ. ಅವಳು ನನ್ನ ಸೆರಗಿನ ತುದಿ ಹಿಡಿದು, ಸೊಂಟದಿಂದ ಚಿಕ್ಕದೊಂದು ಗಟ್ಟಿ ವಸ್ತುವನ್ನು ತೆಗೆದು ಅದರಲ್ಲಿಟ್ಟು, ಬಿಗಿಯಾಗಿ ಗಂಟು ಹಾಕಿದಳು.

“ಇದೇನು?”

“ಋಣ. ಈ ಊರಲ್ಲಿ ಇನ್ನೊಬ್ಬರ ಹಿಂದೆ ನೀನು ನಡೀಬೇಕು. ಅವರು ತಲುಪಿದ ಮೇಲೆ ಅವರೇ ಬಿಚ್ಚುತ್ತಾರೆ. ನೀನಾಗಿ ಬಿಚ್ಚಬೇಡ.”

ದೋಣಿಯವನು ನನ್ನ ಸೆರಗು ನೋಡಿ ತಲೆಯಾಡಿಸಿದ. “ಗಂಟು ಇರೋರನ್ನ ಹತ್ತಿಸಿದರೆ ದೋಣಿ ಮುಳುಗುತ್ತೆ ಅಮ್ಮಾವ್ರೇ.”

“ಮುಳುಗಿದ್ದು ನೋಡಿದೀರಾ?”

“ಹತ್ತಿಸಿದ್ದರೆ ತಾನೇ ನೋಡೋದು?”

ಹೀಗೆ ನಾನು ಆ ಊರಲ್ಲಿ ಉಳಿದೆ.

ಊರಿಗೂ ಹೊಳೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಎತ್ತರದ, ಇಕ್ಕಟ್ಟಿನ, ಹಾಲಿನಷ್ಟು ಬಿಳಿಯ ಬಾಗಿಲು. ಗಂಡಸರು, ಎಮ್ಮೆಗಳು, ಪರದೇಶಿಗಳು ಗೋಡೆಯನ್ನು ಬಳಸಿ ಹೋಗಬಹುದು. ಊರಿನ ಹೆಣ್ಣುಮಕ್ಕಳು ಮಾತ್ರ ಬಾಗಿಲಲ್ಲೇ ಹಾಯ್ದು ನೀರಿಗೆ ಹೋಗಬೇಕು. ಹಾಯುವಾಗ ಎರಡೂ ಕಡೆಯ ಸುಣ್ಣ ತೋಳಿಗೆ ತಾಗಬಾರದು. ತಾಗಿದರೆ ರವಿಕೆಯ ಮೇಲೆ ಬಿಳಿ ಮೂಡುತ್ತದೆ. ಕಟ್ಟೆಯ ಮೇಲೆ ಕುಳಿತ ಅಜ್ಜಿಯರು ಬೇರೇನೂ ಹೇಳುವುದಿಲ್ಲ. “ಬಿಳಿ ಹತ್ತಿತು” ಎನ್ನುತ್ತಾರೆ, ಅಷ್ಟೇ. ಅಷ್ಟು ಸಾಕು.

ವರ್ಷಕ್ಕೊಮ್ಮೆ ಸುಣ್ಣದ ದಿನ. ಅಂದು ಊರಿನ ಹುಡುಗಿಯರು ಉಪವಾಸವಿದ್ದು ಬಾಗಿಲಿಗೆ ಸುಣ್ಣ ಬಳಿಯುತ್ತಾರೆ. ಹಸಿ ಸುಣ್ಣದ ಮೇಲೆ ಆ ವರ್ಷದ ಹಿರಿಯ ಹುಡುಗಿ ತನ್ನ ಅಂಗೈ ಒತ್ತುತ್ತಾಳೆ. ಮುಂದಿನ ವರ್ಷ ಅದರ ಮೇಲೆ ಮತ್ತೆ ಸುಣ್ಣ, ಮತ್ತೊಂದು ಅಂಗೈ. ಹಳೆಯದನ್ನು ಕೆರೆಯುವುದು ಪಾಪ. ಒಳಗೆ ಅಮ್ಮಂದಿರ, ಅಜ್ಜಿಯರ ಕೈಗಳಿವೆ. ಬಾಗಿಲ ಕಲ್ಲುಕಂಬದ ಬುಡದಲ್ಲಿ ಎಮ್ಮೆಯ ಕೊಂಬು ತಾಗಿ ಒಂದು ಚಕ್ಕೆ ಎದ್ದಿತ್ತು. ಬಗ್ಗಿ ನೋಡಿದೆ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಕಲ್ಲು ಎಲ್ಲೋ ಬಹಳ ಒಳಗಿತ್ತು.

ಮೊದಲ ದಿನವೇ ನನಗೆ ವಿಷಯ ತಿಳಿದುಹೋಯಿತು ಎಂದುಕೊಂಡೆ. ಹೊರಗಿನಿಂದ ಬಂದವರಿಗೆ ಬರುವ ರೋಗ ಇದು.

ನನ್ನನ್ನು ದಾರಿ ಕೇಳಿದವಳು ಒಬ್ಬ ಹುಡುಗಿ. ಬಾಗಿಲ ಹತ್ತಿರ ಕೊಡ ಇಟ್ಟುಕೊಂಡು, ಹಾಯುವ ಧೈರ್ಯವಿಲ್ಲದೆ ನಿಂತಿದ್ದಳು. ಮುಖ ಬಾಡಿತ್ತು, ಕಣ್ಣ ಕೆಳಗೆ ಕಪ್ಪು. ನನ್ನ ಸೆರಗಿನ ಗಂಟನ್ನು ಬಹಳ ಹೊತ್ತು ನೋಡಿದಳು.

“ಚಿಕ್ಕಮ್ಮಾ, ಒಂದು ಊಟದಿಂದ ಇನ್ನೊಂದು ಊಟಕ್ಕೆ ದಾರಿ ಯಾವುದು?”

ನನಗೆ ನಗು ಬಂತು. ಬೆಳಗಿನ ತಟ್ಟೆಯಿಂದ ಮಧ್ಯಾಹ್ನದ ತಟ್ಟೆಗೆ ಎಷ್ಟು ದೂರ? ಅಗ್ಗದ ಋಣ ಎಂದುಕೊಂಡೆ. ಸಂಜೆಯ ದೋಣಿ ಸಿಗಬಹುದು ಎಂದೂ ಲೆಕ್ಕ ಹಾಕಿದೆ.

“ನಡಿ ಮಗಳೇ, ನಾನು ಹಿಂದೆ ಇದ್ದೀನಿ” ಎಂದೆ.

ಅವಳು ನಡೆದ ದಾರಿ ಹೀಗಿತ್ತು. ಬೆಳಿಗ್ಗೆ ತಟ್ಟೆಯನ್ನು ದೂಡಿದಳು, ಬಾಗಿಲಿಗಾಗಿ. ಮಧ್ಯಾಹ್ನ ಬರೀ ನೀರು ಕುಡಿದಳು, ಬಾಗಿಲಿಗಾಗಿ. ಬಿಸಿಲು ಇಳಿಯುತ್ತಿದ್ದಂತೆ ಅವಳ ಕಾಲು ತಾನಾಗಿ ಉಗ್ರಾಣದ ಕಡೆ ಹೊರಳಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು; ಸಂದಿಯಿಂದ ನೋಡಿದೆ. ತಣ್ಣನೆಯ ಮುದ್ದೆ, ಬೆಲ್ಲ, ಅವಲಕ್ಕಿ, ಯಾರದೋ ಮದುವೆಗೆಂದು ಎತ್ತಿಟ್ಟ ಉಂಡೆ. ರುಚಿಗಲ್ಲ, ಹಸಿವಿಗೂ ಅಲ್ಲ, ಬೆಂಕಿ ಬಿದ್ದ ಮನೆಯಿಂದ ಸಾಮಾನು ಹೊರಗೆಸೆಯುವ ಅವಸರದಲ್ಲಿ ಒಳಗೆ ಎಸೆದುಕೊಂಡಳು. ಆಮೇಲೆ ಹಿತ್ತಲು, ಗಂಟಲೊಳಗೆ ಬೆರಳು. ಆ ಊರಿನ ಪ್ರತಿ ಹಿತ್ತಲಲ್ಲೂ ಒಂದು ಕಾಲುವೆ ಹರಿಯುತ್ತದೆ. ಹೋದದ್ದನ್ನೆಲ್ಲ ಒಯ್ಯುತ್ತದೆ, ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಮನೆಯವರು “ಹಿತ್ತಲಿಗೆ ಹೋಗಿದಾಳೆ” ಎನ್ನುತ್ತಾರೆ. ಆ ಮಾತಿನ ನಂತರ ಆ ಊರಲ್ಲಿ ಯಾರೂ ಮಾತಾಡುವುದಿಲ್ಲ.

ಹೊರಗೆ ಬಂದ ಹುಡುಗಿ ಜಗುಲಿಯ ಕಂಬಕ್ಕೆ ಒರಗಿದಳು. “ನಾಳೆಯಿಂದ ಏನೂ ತಿನ್ನಲ್ಲ” ಎಂದಳು.

ಅಡುಗೆಮನೆಯ ಹೊಸ್ತಿಲಲ್ಲಿ ಅವಳ ತಾಯಿ ನಿಂತಿದ್ದಳು. ನೋಡಿದೆ. ಕೈಕಲ್ಲಿನ ಹತ್ತಿರ ನನ್ನ ಹಿಂದೆ ಬಂದವಳೇ ಅವಳು. ನನ್ನ ಕಣ್ಣು ತಪ್ಪಿಸಿ ಒಳಗೆ ಹೋದಳು.

ನಾನು ಆ ಮನೆಯ ಜಗುಲಿಯಲ್ಲೇ ಹಾಸಿಕೊಂಡೆ. ದೋಣಿಗಳು ಬಂದವು, ಹೋದವು. ನನ್ನ ಅಂಗಾಲುಗಳು ಉರಿಯುತ್ತಿದ್ದವು. ನಡೆಯದೆ ಇದ್ದು ಅವಕ್ಕೆ ಅಭ್ಯಾಸವಿಲ್ಲ.

ಕೊನೆಗೆ ತಡೆಯಲಾರದೆ ಕಟ್ಟಳೆ ಮುರಿದೆ. ಹುಡುಗಿಯನ್ನು ಬಾಗಿಲಿಗೆ ಎಳೆದುಕೊಂಡು ಹೋಗಿ ಚಕ್ಕೆ ಎದ್ದ ಜಾಗ ತೋರಿಸಿದೆ. “ನೋಡೇ! ನೀನು ದಪ್ಪ ಆಗಿಲ್ಲ, ಬಾಗಿಲು ದಪ್ಪ ಆಗಿದೆ. ನಿಮ್ಮಜ್ಜಿ ಇದರಲ್ಲಿ ಎರಡು ಕೊಡ ಹೊತ್ತು ಹೋಗ್ತಿದ್ದಿರಬೇಕು!”

ಅವಳು ಕರುಣೆಯಿಂದ ನನ್ನನ್ನು ನೋಡಿದಳು.

“ಗೊತ್ತು ಚಿಕ್ಕಮ್ಮ. ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಬಳಿಯೋದು ನಾವೇ ಅಲ್ವಾ?”

“ಮತ್ತೆ?”

“ಬೇರೆಯವರಿಗೆಲ್ಲ ಬಾಗಿಲು ಕಿರಿದಾಗಿದೆ. ನನ್ನ ವಿಷಯದಲ್ಲಿ ಮಾತ್ರ ನಾನೇ ದಪ್ಪಗಾಗಿರೋದು.” ಚಕ್ಕೆ ಎದ್ದ ಜಾಗವನ್ನು ಬೆರಳಿಂದ ಸವರಿ ಹೇಳಿದಳು, “ಎಲ್ಲರೂ ಹಾಗೇ ಅಂದುಕೊಂಡಿದಾರೆ. ಅದೂ ಗೊತ್ತು.”

ಆ ಸಂಜೆ ಅವಳು ಹಿತ್ತಲಿಗೆ ಹೋದಳು. ನನ್ನ ಸೆರಗಿನಲ್ಲಿ ಗಂಟಿನ ಮೇಲೆ ಇನ್ನೊಂದು ಗಂಟು ಬಿದ್ದಿತ್ತು. ಯಾರು ಹಾಕಿದರೋ ಕಾಣೆ.

ಮರುದಿನದಿಂದ ಹೇಳುವುದನ್ನು ಬಿಟ್ಟೆ. ನನ್ನ ಕಾಲಿನ ಮಣ್ಣು ನೆನಪಾಯಿತು. ಹಿತ್ತಲಿಂದ ಬಂದು ಮುಖ ತೊಳೆದುಕೊಳ್ಳುತ್ತಿದ್ದವಳ ಹಿಂದೆ ನಿಂತು ಕೇಳಿದೆ, “ಅದಕ್ಕೆ ಮುಂಚೆ ಏನಾಯ್ತು?”

“ಏನೂ ಆಗಲಿಲ್ಲ.”

“ಅದಕ್ಕೂ ಮುಂಚೆ?”

“ತಲೆ ತಿಂತೀರಾ ಚಿಕ್ಕಮ್ಮ.”

“ಅದನ್ನಾದರೂ ಯಾರಾದರೂ ತಿನ್ನಲಿ.”

ಅವಳು ನಕ್ಕಳು. ಆ ಮನೆಯಲ್ಲಿ ನಗು ಎಷ್ಟು ಅಪರೂಪವೆಂದರೆ ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

ಅವಳೇ ಒಂದು ಉಪಾಯ ಕಂಡುಕೊಂಡಳು. ಚೌಕಾಬಾರ ಆಡಲು ಒಂದು ಮೈ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು ಮನೆಯಲ್ಲಿದ್ದವು. ಉಂಡು, ಉಂಡದ್ದು ಒಳಗೇ ಉಳಿದರೆ ಗೋಡೆಯ ಗೂಡಿನಲ್ಲಿ ಒಂದು ಬೀಜ, ಕಪ್ಪು ಮೇಲೆ. ಹಿತ್ತಲಿಗೆ ಹೋದರೆ ಒಂದು ಬೀಜ, ಬಿಳಿ ಮೇಲೆ. ಊಟ ಬಿಟ್ಟರೆ ಆ ಜಾಗ ಖಾಲಿ. ಹೊಗಳಿಕೆ ಇಲ್ಲ, ಬೈಗುಳ ಇಲ್ಲ, ಬೆಳಿಗ್ಗೆ ಎದ್ದು ನೋಡುವುದು ಮಾತ್ರ.

ಬೀಜ ಉಜ್ಜುತ್ತ ಅವಳು ತನ್ನ ಅಕ್ಕನ ಕಥೆ ಹೇಳಿದಳು.

“ಅಕ್ಕ ಉಜ್ಜಿದರೆ ಬಿಳಿ ಅರ್ಧಚಂದ್ರದ ಹಾಗೆ ಬರ್ತಿತ್ತು, ಪೂರ್ತಿ ಉಜ್ಜೋ ತಾಳ್ಮೆ ಇಲ್ಲ ಅವಳಿಗೆ. ನಾಲ್ಕೇ ನಾಲ್ಕು ಬೀಜ ಇದ್ದವು ಅವಳದು, ಯಾವಾಗ ಹಾಕಿದರೂ ಗೆಲ್ಲೋಳು. ಒಂದು ಕಳೆದುಹೋಗಿದೆ.” ಬೆರಳಿನಿಂದ ಬೀಜವನ್ನು ಹೊರಳಿಸಿದಳು. “ಬಾಗಿಲಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಹಾಯ್ತಿರಲಿಲ್ಲ. ಗಾಳಿ ಹೋದ ಹಾಗೆ. ಅಜ್ಜಿಯರು ಅವಳನ್ನು ತೋರಿಸಿ ನಮ್ಮನ್ನು ಬೈಯೋರು. ಹೋದ ಸುಣ್ಣದ ದಿನ ಅಂಗೈ ಒತ್ತಿದ್ದು ಅವಳೇ. ಆಮೇಲೊಂದು ಬೆಳಿಗ್ಗೆ ಕೊಡ ಇಳಿಸಿ ಬಾಗಿಲ ಕಂಬಕ್ಕೆ ಒರಗಿ ಕೂತಳು. ದಣಿವಾರಿಸ್ಕೋತಿದಾಳೆ ಅಂತ ಎಲ್ಲ ಅವಳನ್ನು ದಾಟಿಕೊಂಡು ಹೋದರು. ಬಿಸಿಲು ಬಂದ ಮೇಲೆ ಗೊತ್ತಾಯ್ತು.”

“ಅವಳು ಯಾರನ್ನೂ ದಾರಿ ಕೇಳಲಿಲ್ವಾ?”

“ಹೇಗೆ ಕೇಳ್ತಾಳೆ ಚಿಕ್ಕಮ್ಮ? ಎಲ್ಲರೂ ಅವಳನ್ನೇ ದಾರಿ ಕೇಳ್ತಿದ್ದರು.”

ಆ ಅಂಗೈ ಬಾಗಿಲ ಎಡಗಂಬದಲ್ಲಿ, ತೋಳಿನೆತ್ತರದಲ್ಲಿ ಇನ್ನೂ ಇತ್ತು. ದಿನವೂ ತಾಯಿ ಬಂದು, ಗೋಡೆಗೆ ಮುಖ ಮಾಡಿ, ಆ ಗುರುತಿನೊಳಗೆ ತನ್ನ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಹೆತ್ತವರ ಕೈ ದೊಡ್ಡದು, ಗುರುತಿನಲ್ಲಿ ಹಿಡಿಸುತ್ತಿರಲಿಲ್ಲ. ಬರುವ ಸುಣ್ಣದ ದಿನ ಅದೂ ಮುಚ್ಚಿಹೋಗುವುದಿತ್ತು.

ಒಂದು ಮಧ್ಯಾಹ್ನ ಅವಳ ಪಕ್ಕ ನಿಂತು ಕೇಳಿದೆ, “ಕೈಕಲ್ಲಿನ ಬುಡದಲ್ಲಿ ಮಣ್ಣು ಹಸಿ ಇತ್ತು. ಕಲ್ಲನ್ನ ತಿರುಗಿಸಿದ್ದು ಯಾರು?”

“ನಾನೇ” ಎಂದಳು. ಕೈ ತೆಗೆಯಲಿಲ್ಲ. “ಹೆತ್ತವರು ಮಗಳ ಹಿಂದೆ ನಡೆಯೋ ಹಾಗಿಲ್ಲ ತಂಗಿ. ಹಿಂದೆ ನಡೀತೀವಿ ಅಂತ ಹೊರಟು ಮುಂದೆ ಹೋಗಿಬಿಡ್ತೀವಿ. ಊರಿನವರು ಹಿಂದೆ ಬರೋಲ್ಲ, ಅವರ ಮನೆ ಹಿತ್ತಲಲ್ಲೂ ಅದೇ ಕಾಲುವೆ. ದೊಡ್ಡವಳು ಕೇಳಲೇ ಇಲ್ಲ. ಚಿಕ್ಕವಳು ಕೇಳೋ ದಿನ ಬಂದರೆ, ಋಣ ಇರೋರು ಒಬ್ಬರಾದರೂ ಊರಲ್ಲಿ ಇರಲಿ ಅಂತ… ದಾರಿ ತಪ್ಪಿಸಿದೆ.”

ಅಷ್ಟು ದೇಶ ಸುತ್ತಿದ ನನ್ನನ್ನು ಒಂದು ಕಲ್ಲು ತಿರುಗಿಸಿ ಹಿಡಿದುಹಾಕಿದ್ದಳು. ಕೋಪ ಮಾಡಿಕೊಳ್ಳಲು ನೋಡಿದೆ. ಅವಳ ಬೆರಳುಗಳು ಗುರುತಿನಿಂದ ಹೊರಗೆ ಚಾಚಿಕೊಂಡಿದ್ದವು. ಆಗಲಿಲ್ಲ.

ಗೂಡಿನಲ್ಲಿ ಬೀಜಗಳು ಸಾಲಾದವು. ಕಪ್ಪು, ಖಾಲಿ, ಬಿಳಿ, ಖಾಲಿ, ಬಿಳಿ. ಒಂದು ಬೆಳಿಗ್ಗೆ ಹುಡುಗಿ ಬಹಳ ಹೊತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ಏನು ಕಾಣುತ್ತೆ?” ಎಂದೆ.

“ಬಿಳಿ ಬೀಜದ ಹಿಂದೆ ಯಾವಾಗಲೂ ಖಾಲಿ ಜಾಗ ಇದೆ.”

ನನಗೆ ಕೂಗಬೇಕೆನಿಸಿತು. ತುಟಿ ಕಚ್ಚಿ ಹಿಂದೆ ನಿಂತೆ.

“ಅಂದರೆ… ಸಂಜೆ ನಾನು ಕೆಟ್ಟವಳಾಗೋದು ಬೆಳಿಗ್ಗೆ ಒಳ್ಳೆಯವಳಾಗಿದ್ದಕ್ಕೆ” ಎಂದಳು ಅವಳು, ಮೆಲ್ಲಗೆ, ಬೀಜಗಳಿಗೇ ಹೇಳುವಂತೆ.

ಅಂದು ಅವಳು ಬೆಳಗಿನ ತಟ್ಟೆಯ ಮುಂದೆ ಕುಳಿತಳು. ಅತ್ತುಕೊಂಡು ಉಂಡಳು. ಮಧ್ಯಾಹ್ನವೂ ಉಂಡಳು, ಹಸಿವಿಲ್ಲದಿದ್ದರೂ. ಉಂಡ ಮೇಲಿನ ಹೊತ್ತೇ ಕಷ್ಟದ್ದು. ಕಾಲುವೆ ಹೆಸರು ಹಿಡಿದು ಕರೆಯುತ್ತದೆ. ಆ ಹೊತ್ತಿನಲ್ಲಿ ನಾವು ಜಗುಲಿಯ ಮೇಲೆ ಚೌಕಾಬಾರ ಆಡಿದೆವು. ಅವಳು ಹಾಕಿದ ಬೀಜ ಮನೆಯಾಚೆ ಹಾರುತ್ತಿತ್ತು. ನಾನು ಮೋಸದ ಆಟ ಆಡಿದೆ. ಅವಳು ಬೈದಳು. ಬೈಯುತ್ತ ಬೈಯುತ್ತ ಕರೆ ದೂರವಾಯಿತು.

ಎಲ್ಲ ದಿನವೂ ಹಾಗಾಗಲಿಲ್ಲ. ಮತ್ತೆ ಬಿಳಿ ಬಿತ್ತು. ಒಮ್ಮೆ ಬಿಳಿಯ ಮೇಲೆ ಬಿಳಿ ಬಿದ್ದಾಗ ಅವಳು ಗೂಡಿನ ಬೀಜಗಳನ್ನೇ ಬಾಚಿ ಅಂಗಳಕ್ಕೆ ಎಸೆದಳು.

“ಹೋಗಿ ಚಿಕ್ಕಮ್ಮ, ನಿಮ್ಮ ದೋಣಿಗೆ ಹೋಗಿ! ನಿಮಗೇನು ಗೊತ್ತು? ನೀವೂ ಊರುಗಳನ್ನ ನುಂಗಿ ನುಂಗಿ ಬಿಟ್ಟು ಹೋಗೋರೇ ತಾನೇ? ಯಾವ ಊರು ನಿಮ್ಮ ಮೈಗೆ ಹತ್ತಿದೆ ಹೇಳಿ?”

ಅಂಗಳದಲ್ಲಿ ಕುಳಿತು ಬೀಜಗಳನ್ನು ಹುಡುಕುವಾಗ, ಇದುವರೆಗೆ ಎಲ್ಲೂ ಹೀಗೆ ಮಂಡಿಯೂರಿ ಒಂದು ಅಂಗಳದ ಮಣ್ಣು ನೋಡಿಲ್ಲ ಎಂಬುದು ಹೊಳೆಯಿತು. ಸ್ವಲ್ಪ ಹೊತ್ತಿಗೆ ಅವಳೂ ಬಂದು ಎದುರು ಕುಳಿತು ಹುಡುಕತೊಡಗಿದಳು.

“ಅದಕ್ಕೆ ಮುಂಚೆ ಏನಾಯ್ತು ಅಂತ ಕೇಳಲ್ವಾ?” ಎಂದಳು.

“ಏನಾಯ್ತು?”

“ಅಮ್ಮ ಅಕ್ಕನ ರವಿಕೆ ಬಿಸಿಲಿಗೆ ಹಾಕಿದ್ದರು. ನಾನು ತೊಟ್ಟು ನೋಡಿದೆ. ತೋಳು ಹೋಗಲಿಲ್ಲ.”

ಇಬ್ಬರೂ ಬೀಜ ಹುಡುಕಿದೆವು.

ಸುಣ್ಣದ ದಿನ ಬಂತು. ಹೊಳೆಯ ಬದಿಯಲ್ಲಿ ಸುಣ್ಣದ ಬಾನಿಗಳು ಹೊಗೆಯಾಡುತ್ತಿದ್ದವು. ಹುಡುಗಿಯರು ಖಾಲಿ ಹೊಟ್ಟೆಯಲ್ಲಿ, ಒಬ್ಬರ ಹಿಂದೆ ಒಬ್ಬರು, ಉಸಿರು ಒಳಗೆಳೆದುಕೊಂಡು ಬಾಗಿಲು ಹಾಯ್ದರು. ಕಟ್ಟೆಯ ಮೇಲೆ ಅಜ್ಜಿಯರು ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದರು. ಎಡಗಂಬದ ಹತ್ತಿರ ತಾಯಿ ಕೊನೆಯ ಸಲ ಅಂಗೈ ಇಟ್ಟು ನಿಂತಿದ್ದಳು. ಹುಡುಗಿ ಬೆಳಿಗ್ಗೆ ಉಂಡು ಬಂದಿದ್ದಳು. ಕಟ್ಟಳೆಯ ಪ್ರಕಾರ ಹುಡುಗಿಯರು ಯಾರೂ ಉಣ್ಣದ ದಿನ.

ಅವಳು ಬಾಗಿಲ ಮುಂದೆ ನಿಂತಳು. ನಾನು ಹಿಂದೆ ನಿಂತೆ. ಗೋಡೆ ಬಳಸಿ ಹೋಗುವ ಹಕ್ಕು ನನಗಿತ್ತು, ಹೋಗಲಿಲ್ಲ. ತಾಯಿ ಕೈ ತೆಗೆದು ಪಕ್ಕಕ್ಕೆ ಸರಿದಳು.

ಹುಡುಗಿ ಉಸಿರು ಒಳಗೆಳೆದುಕೊಳ್ಳಲಿಲ್ಲ. ಸುಮ್ಮನೆ ನಡೆದಳು. ಅವಳ ಎಡತೋಳು ಕಂಬಕ್ಕೆ, ಅಕ್ಕನ ಅಂಗೈಗೇ, ಸರಿಯಾಗಿ ಉಜ್ಜಿಕೊಂಡು ಹೋಯಿತು.

“ಬಿಳಿ ಹತ್ತಿತು” ಎಂದಳು ಒಬ್ಬ ಅಜ್ಜಿ.

ಹುಡುಗಿ ತೋಳು ನೋಡಿಕೊಂಡಳು. ರವಿಕೆಯ ಮೇಲೆ ಬಿಳಿಯ ನಾಲ್ಕು ಗೆರೆ, ಯಾರೋ ಹಿಂದಿನಿಂದ ತೋಳು ಹಿಡಿದು ಬಿಟ್ಟ ಹಾಗೆ. ಎಲ್ಲರೂ ಅವಳು ಕೊಡವಿಕೊಳ್ಳುವುದನ್ನು ಕಾದರು. ಅವಳು ಕೊಡವಲಿಲ್ಲ.

ನಾನೂ ಅವಳ ಹಿಂದೆ ಹಾಯ್ದೆ. ನನಗೆ ಎರಡೂ ಕಡೆ ಧಾರಾಳವಾಗಿ ಹತ್ತಿತು.

ಹೊಳೆಯ ದಂಡೆಯಲ್ಲಿ ತಾಯಿ ಬುತ್ತಿ ಬಿಚ್ಚಿದಳು. ಅನ್ನ, ಸಾರು, ಒಂದು ತುಂಡು ಬೆಲ್ಲ. ಹುಡುಗಿ ಊರೆಲ್ಲ ನೋಡುತ್ತಿರುವಾಗ ಉಂಡಳು. ಬೆಲ್ಲವನ್ನು ಕೊನೆಗೆ ಬಾಯಿಗಿಟ್ಟು ಕಣ್ಣು ಮುಚ್ಚಿ ಕುಳಿತಳು. ಉಗ್ರಾಣದ ಕತ್ತಲಲ್ಲಿ ಅಷ್ಟು ಬೆಲ್ಲ ತಿಂದವಳಿಗೆ ಅದರ ರುಚಿ ಆಗಲೇ ಗೊತ್ತಾದದ್ದೇನೋ. ಆಮೇಲಿನ ಕಷ್ಟದ ಹೊತ್ತು ಬಂತು. ಚೌಕಾಬಾರ ತಂದಿರಲಿಲ್ಲ. ಅವಳು ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಳು, ಹಿಡಿದು ಬಿಟ್ಟಳು. ಬಿಸಿಲು ಸರಿಯಿತು. ಅವಳು ಎದ್ದು, ಸುಣ್ಣದ ಕುಂಚ ಹಿಡಿದು ಬಾಗಿಲಿಗೆ ಹೋದಳು.

ಎಲ್ಲರೂ ಬಳಿದರು, ಅವಳೂ ಬಳಿದಳು. ಎಡಗಂಬದಲ್ಲಿ ಅರ್ಧ ಉಜ್ಜಿಹೋದ ಅಂಗೈ ಬಂದಾಗ ಅವಳ ಕುಂಚ ಅದನ್ನು ಸುತ್ತಿ ಹೋಯಿತು.

“ಅಲ್ಲಿ ಬಿಟ್ಟೆಯಲ್ಲೇ ಹುಡುಗೀ!”

“ಬಿಟ್ಟೆ ಅಜ್ಜಿ.”

“ಗುಳಿ ಬೀಳುತ್ತೆ ಅಲ್ಲಿ.”

“ಬೀಳಲಿ.”

ಆ ವರ್ಷದ ಹಿರಿಯ ಹುಡುಗಿ ಅವಳೇ, ಆದರೂ ತನ್ನ ಅಂಗೈಯನ್ನು ಒತ್ತಲಿಲ್ಲ. ತಾಯಿ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕುಳಿತಳು. ದೊಡ್ಡ ಮಗಳು ಹೋದಾಗ ಅತ್ತಿರಲಿಲ್ಲವಂತೆ, ಅಂದು ಅತ್ತಳು.

ಹುಡುಗಿ ಕೈ ತೊಳೆದು ಊರಿನ ಕಡೆ ಹೊರಟಳು. ನಾನು ಅಭ್ಯಾಸಬಲದಿಂದ ಎದ್ದು ಹಿಂದೆ ಹೊರಟೆ. ಸ್ವಲ್ಪ ದೂರ ಹೋಗಿ ಅವಳು ನಿಂತು ತಿರುಗಿದಳು. ಏನು ಹೇಳುತ್ತಾಳೆಂದು ನನಗೆ ಗೊತ್ತಾಯಿತು. ಇಷ್ಟು ದಿನ ಕಾದ ಮಾತು ಅದು. ಹೇಳದಿರಲಿ ಅನಿಸಿತು.

“ಚಿಕ್ಕಮ್ಮ, ಇನ್ನು ಬರಬೇಡಿ. ಇಲ್ಲಿಂದ ನಾನು ಬಲ್ಲೆ.”

“ಸಂಜೆ ಇನ್ನೂ ಬಾಕಿ ಇದೆ ಕಣೇ.”

“ಇದೆ. ನಾಳೆ ಬಿಳಿ ಬಿದ್ದರೂ ಬೀಳಬಹುದು. ಬಿದ್ದರೆ, ಅದಕ್ಕೆ ಮುಂಚೆ ಏನಾಯ್ತು ಅಂತ ನಾನೇ ಕೇಳ್ಕೋತೀನಿ.”

ಅವಳು ನನ್ನ ಸೆರಗು ಹಿಡಿದಳು. ಮೇಲಿನ ಗಂಟು ಮುಟ್ಟಿದ್ದಕ್ಕೇ ಸಡಿಲವಾಯಿತು. ಒಳಗಿನದು ನೆನೆದು ಒಣಗಿ ನೆನೆದು ಒಣಗಿ ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ. ಅವಳು ಬಗ್ಗಿ ಹಲ್ಲಿನಿಂದ ಬಿಡಿಸಿದಳು. ಒಳಗಿದ್ದದ್ದು ಅವಳ ಅಂಗೈಗೆ ಉದುರಿತು. ಒಂದು ಹುಣಸೆ ಬೀಜ. ಒಂದು ಮೈಯಲ್ಲಿ ಬಿಳಿಯ ಅರ್ಧಚಂದ್ರ.

ಅವಳು ದೂರದಲ್ಲಿ ಕುಳಿತಿದ್ದ ತಾಯಿಯನ್ನು ನೋಡಿದಳು. ನನ್ನನ್ನು ನೋಡಿದಳು. ಬೀಜವನ್ನು ಕಪ್ಪು ಮೇಲಾಗುವಂತೆ ಹೊರಳಿಸಿ ಮುಷ್ಟಿ ಮುಚ್ಚಿದಳು.

“ಋಣ ಸಂದಿತು” ಎಂದಳು.

“ಸಂದಿತು” ಎಂದೆ ನಾನು. ಸೆರಗಿನ ತುದಿ ಎಷ್ಟು ಕೊಡವಿದರೂ ಸುಕ್ಕು ಬಿಡಲಿಲ್ಲ. ದೋಣಿಯವನು ಕೂಗುತ್ತಿದ್ದ.